ಕಡಲ ನೀರಿನ ತೋಫು, ಕಡಲ ದಂಡೆಯ ಕಾಫಿ

ಹಿಮ ಬೀಳುವ ಊರಿಗೆ ಕಾಫಿಯ ಹೆಸರು ಹೇಗಪ್ಪಾ ಅಂಟಿಕೊಂಡಿತು ಎಂಬ ಕುತೂಹಲ ಚಿಕ್ಕಮಗಳೂರಿನ ಕಡೆಯವನಾದ ನನಗೆ ಸಹಜವೇ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಿಂದ ರೈಲು ಹತ್ತಿದರೆ ಸುಮಾರು ಎರಡು ಗಂಟೆಯಲ್ಲಿ ಆ ಊರು, ಗಾಂಗ್ನುಂಗ್. 2018ರ ಚಳಿಗಾಲದ ಒಲಿಂಪಿಕ್ಸ್‌ಗೆಂದು ಹಾಕಿದ ಮಾರ್ಗವದು.

ಕಾಫಿಗಿಂತ ಮೊದಲು ಹೊಟ್ಟೆಯ ಪಾಡು. ಪೈನ್ ಮರಗಳ ನಡುವಿನ ಚೋದಾಂಗ್ ಬಡಾವಣೆಯ ತುಂಬ ತೋಫು, ಅಂದರೆ ಸೋಯಾ ಹಾಲಿನ ಪನೀರ್, ಬಡಿಸುವ ಹೋಟೆಲುಗಳೇ. ಇಲ್ಲಿ ಸೋಯಾ ಹಾಲನ್ನು ಕಡಲ ನೀರು ಹಾಕಿ ಒಡೆಸುತ್ತಾರೆ. ಚೋದಾಂಗ್ ಎಂಬುದು 16ನೆಯ ಶತಮಾನದ ಅಧಿಕಾರಿ ಹೊ ಯೋಪ್ ಅವರ ಕಾವ್ಯನಾಮ. ಈ ಉಪಾಯವನ್ನು ಕಂಡುಕೊಂಡವರೂ ಅವರೇ ಅಂತೆ.

ನೆಲದ ಮೇಲೆ ಕುಳಿತೆ. ಚಮಚ, ಕಡ್ಡಿಗಳು ಮೇಜಿನ ಕೆಳಗಿನ ಡ್ರಾಯರ್‌ನಲ್ಲಿದ್ದವು. ಅಜ್ಜಿಯೊಬ್ಬರು ತಂದಿಟ್ಟ ಬಟ್ಟಲಿನಲ್ಲಿ ಸುಂದುಬು ಎಂಬ ಬಿಳಿಯ ಮೆತ್ತನೆಯ ತೋಫು ಇನ್ನೂ ಅಲುಗುತ್ತಿತ್ತು, ಸಕ್ಕರೆ ಹಾಕದ ಗಿಣ್ಣಿನ ಹಾಗೆ. ಖಾರವಿಲ್ಲ, ಮಸಾಲೆಯಿಲ್ಲ. ಬಾಯಿಗೆ ಹೋದ ಮೇಲೆ ಎಲ್ಲೋ ತುಸು ಉಪ್ಪು, ಆಮೇಲೆ ಕಾಳಿನ ಸಿಹಿ. ಪಕ್ಕದಲ್ಲಿ ಈರುಳ್ಳಿ ಸೊಪ್ಪು, ಮೆಣಸಿನ ಪುಡಿ, ಎಳ್ಳು ಬೆರೆಸಿದ ಸೋಯಾ ಸಾಸ್ ಇತ್ತು. ನಾನು ಅದನ್ನು ಧಾರಾಳವಾಗಿ ಸುರಿಯಹೊರಟಾಗ ಅಜ್ಜಿ ಕೈಸನ್ನೆಯಲ್ಲೇ ತಡೆದು, ಅರ್ಧ ಚಮಚ ತಾವೇ ಬಡಿಸಿದರು. ಜೊತೆಗೆ ಮುಚ್ಚಳದ ಸ್ಟೀಲ್ ಬಟ್ಟಲಿನಲ್ಲಿ ಅನ್ನ, ಕೇಳಿದಷ್ಟು ಸಲ ತುಂಬಿಕೊಡುವ ಪಲ್ಯಗಳು. ಅಪ್ಪಟ ಸಸ್ಯಾಹಾರಿಗಳು ಇಲ್ಲೂ ಎಚ್ಚರವಾಗಿರಬೇಕು: ಹುದುಗಿಸಿದ ತರಕಾರಿಯಾದ ಕಿಮ್ಚಿಗೆ ಸಾಮಾನ್ಯವಾಗಿ ಮೀನಿನ ಸಾರವೋ ಉಪ್ಪಿಗೆ ಹಾಕಿದ ಸೀಗಡಿಯೋ ಬಿದ್ದಿರುತ್ತದೆ.

ಅಲ್ಲಿಂದ ಬಸ್ಸಿನಲ್ಲಿ ಅನ್‌ಮೋಕ್ ಕಡಲತೀರಕ್ಕೆ ಹೋದೆ. ಈಗ ಕಡಲಿಗೆ ಮುಖಮಾಡಿದ ಗಾಜಿನ ಕೆಫೆಗಳು ಸಾಲಾಗಿ ನಿಂತಿರುವ ಈ ಬೀದಿಯಲ್ಲಿ ಹಿಂದೆ ಇದ್ದದ್ದು ನಾಣ್ಯ ಹಾಕಿದರೆ ಕಾಫಿ ಸುರಿಸುವ ಯಂತ್ರಗಳು. ಆಮೇಲೆ, ಕೊರಿಯಾದ ಮೊದಲ ತಲೆಮಾರಿನ ಬರಿಸ್ತಾ (ಕಾಫಿ ತಯಾರಿಸುವ ಪರಿಣತ) ಪಾರ್ಕ್ ಇ-ಚು ಅವರಂಥವರು ಗಾಂಗ್ನುಂಗ್‌ಗೆ ಬಂದು ಬೀಜ ಹುರಿಯತೊಡಗಿದರು. 2009ರಲ್ಲಿ ಕಾಫಿ ಉತ್ಸವವೂ ಶುರುವಾಯಿತು.

ಮೂರನೆಯ ಮಹಡಿಯಲ್ಲಿ ಕುಳಿತು ಕುಡಿದ ಇಥಿಯೋಪಿಯಾದ ಕಾಫಿ ಪರಿಮಳದಲ್ಲಿ ಹೂವು, ರುಚಿಯಲ್ಲಿ ನಿಂಬೆ. ಚಿಕೋರಿ ಬೆರೆತ ಕಾಫಿಯಲ್ಲಿ ಪಳಗಿದ ನನ್ನ ನಾಲಿಗೆಗೆ ಅದು ಒಗ್ಗಲಿಲ್ಲ. ಸುತ್ತಲಿನವರೆಲ್ಲ ಆ ಚಳಿಯಲ್ಲೂ ಐಸ್ ಹಾಕಿದ ಅಮೆರಿಕಾನೊ, ಅಂದರೆ ಹಾಲಿಲ್ಲದ ತೆಳು ಕಾಫಿ, ಹೀರುತ್ತಿದ್ದರು. ಅದು ಅವರ ಹಟವೋ ಅಭ್ಯಾಸವೋ! ಕೆಳಗಿಳಿದಾಗ ಹಳೆಯ ಯಂತ್ರವೊಂದು ಕಣ್ಣಿಗೆ ಬಿತ್ತು. ಅಂಗೈಯಲ್ಲಿ ಅಡಗುವ ಕಾಗದದ ಲೋಟ, ಅದರಲ್ಲಿ ಹಾಲಿನಪುಡಿ, ಸಕ್ಕರೆ ಎರಡೂ ಹೆಚ್ಚಾಗಿದ್ದ ಬಿಸಿ ಕಾಫಿ. ಕಾಫಿ ಬಲ್ಲವರು ನಗಲಿ, ನನಗೆ ಹಿಡಿಸಿದ್ದು ಅದೇ.

ತೋಫುವಿನ ಜೆಲಾಟೊ ಐಸ್‌ಕ್ರೀಮ್ ತಿನ್ನಲು ಸಂಜೆ ಮತ್ತೆ ಚೋದಾಂಗ್‌ಗೆ ಹೋದೆ. ಅಂಗಡಿಯ ಮುಂದಿನ ಸಾಲು ಬೀದಿಯ ತಿರುವು ದಾಟಿತ್ತು. ರೈಲಿಗೆ ಹೊತ್ತಾಗಿದ್ದರಿಂದ ತಿನ್ನಲಾಗಲಿಲ್ಲ.