ಪಂಪ್ ಮೇಲಿನ ಪ್ಲಾಸ್ಟರು

ನಮ್ಮಮ್ಮ ದಾವಣಗೆರೇಲಿ ಸಿಕ್ಕಿದವರಿಗೆಲ್ಲ "ಮಗ ಐರ್ಲೆಂಡಲ್ಲಿ ಡಾಕ್ಟರ್ ಓದ್ತಿದಾನೆ" ಅಂತ ಹೇಳ್ಕೊಂಡು ಓಡಾಡ್ತಿದಾರೆ. ಅಲ್ಲಮ್ಮ, ಮೆಡಿಕಲ್ ಡಿವೈಸ್‌ಗಳನ್ನ ಲ್ಯಾಬಿಂದ ಪೇಷಂಟ್ ತನಕ ಮುಟ್ಟಿಸೋ ಕೆಲಸ ಕಲೀತಿದೀನಿ ಅಂದ್ರೆ "ಹಂಗಂದ್ರೆ ಕೊರಿಯರ್ರಾ?" ಅಂತಾರೆ. ಡಾಕ್ಟರ್ ಅಂತಾನೇ ಇರ್ಲಿ ಬಿಡಿ ಅಂತ ಸುಮ್ಮನಾದೆ.

ಇಲ್ಲಿಗೆ ಬರೋ ಮುಂಚೆ ಊರ ಕಡೆ ಒಂದು ಆಸ್ಪತ್ರೇಲಿ ಮೂರು ವರ್ಷ ಬಯೋಮೆಡಿಕಲ್ ಇಂಜಿನಿಯರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ರಿಪೇರಿ. ವಾರ್ಡಲ್ಲಿ ಇನ್ಫ್ಯೂಷನ್ ಪಂಪ್‌ಗಳಿದ್ವು, ಔಷಧಿ ಗಂಟೆಗೆ ಇಷ್ಟು ಎಂಎಲ್ ಅಂತ ಅಳತೆ ಮಾಡಿ ರಕ್ತಕ್ಕೆ ಬಿಡೋ ಮೆಷೀನು. ಅದರಲ್ಲಿ ಒಂದರ ಸ್ಪೀಕರ್ ತೂತಿನ ಮೇಲೆ ಯಾವಾಗ್ಲೂ ಬಿಳಿ ಪ್ಲಾಸ್ಟರ್ ಅಂಟಿಸಿರ್ತಿದ್ರು. ನಾನು ಹೋಗಿ ಕೀಳ್ತಿದ್ದೆ, ಮುಂದಿನ ವಾರ ನೋಡಿದ್ರೆ ಮತ್ತೆ ಅಂಟಿರ್ತಿತ್ತು. ಸಿಸ್ಟರ್‌ನ ಕೇಳಿದ್ರೆ "ಏನಪ್ಪಾ ಇಂಜಿನಿಯರೇ, ರಾತ್ರಿಯೆಲ್ಲ ಕುಯ್ಯೋ ಅಂತ ಕೂಗುತ್ತೆ, ನೀನು ಬಂದು ಒಂದ್ ರಾತ್ರಿ ಕೂತ್ಕೋ ನೋಡೋಣ" ಅಂತಿದ್ರು. ನಾನು ಕೂರಲಿಲ್ಲ, ಸರ್ವೀಸ್ ರಿಪೋರ್ಟಲ್ಲಿ "ಯೂಸರ್ ಎರರ್" ಅಂತ ಬರೆದು ಸೈನ್ ಹಾಕಿ ಬಂದೆ. ಒಂದ್ಸಲ ಅಲ್ಲ, ಮೂರು ವರ್ಷ.

ನಾನು ಓದ್ತಿರೋ ಗಾಲ್ವೇ ಸಣ್ಣ ಊರು, ಐರ್ಲೆಂಡಿನ ಪಶ್ಚಿಮ ಕರಾವಳೀಲಿದೆ, ಮಳೆ ಮಾತ್ರ ಆಗುಂಬೆಯವರೂ ಸಾಕಪ್ಪಾ ಅನ್ನೋ ಥರ ಜಿನುಗ್ತಾನೇ ಇರುತ್ತೆ. ಆದ್ರೆ ಬೋಸ್ಟನ್ ಸೈಂಟಿಫಿಕ್, ಮೆಡ್‌ಟ್ರಾನಿಕ್ ಎರಡಕ್ಕೂ ಇಲ್ಲಿ ದೊಡ್ಡ ದೊಡ್ಡ ಫ್ಯಾಕ್ಟರಿ ಇವೆ, ಹೃದಯಕ್ಕೆ ಹಾಕೋ ಸ್ಟೆಂಟ್ ಇಲ್ಲಿಂದ ಹೋಗುತ್ತೆ, ಹಾಗಾಗಿ ಬಸ್ಸಲ್ಲಿ ಪಕ್ಕ ಕೂತವರನ್ನ ಮಾತಾಡಿಸಿದ್ರೆ ಕ್ವಾಲಿಟಿ ಡಿಪಾರ್ಟ್‌ಮೆಂಟ್ ಅಂತಲೋ ಕ್ಲೀನ್‌ರೂಮ್ ಅಂತಲೋ ಹೇಳ್ತಾರೆ.

ಎರಡನೇ ತಿಂಗಳಲ್ಲಿ ಯೂಸಬಿಲಿಟಿ ಕ್ಲಾಸ್, ಅಂದ್ರೆ ಡಿವೈಸನ್ನ ಜನ ತಪ್ಪಿಲ್ಲದೆ ಬಳಸೋ ಹಾಗೆ ಮಾಡೋದು ಹೇಗೆ ಅನ್ನೋ ಪಾಠ. ನೀವು ನೋಡಿದ ಒಂದು ತಪ್ಪಿನ ಬಗ್ಗೆ ಬರೀರಿ ಅಂದ್ರು, ನಾನು ಪ್ಲಾಸ್ಟರ್ ಕಥೆ ಬರೆದೆ, ಕೊನೇಲಿ ಕಾರಣ: ಯೂಸರ್ ಎರರ್. ಮೇಡಮ್ಮು ಪೆನ್ ತಗೊಂಡು ಆ "ಯೂಸರ್"ನಲ್ಲಿದ್ದ "ರ್" ಒಂದನ್ನೇ ಹೊಡೆದು ಹಾಕಿ ವಾಪಸ್ ಕೊಟ್ರು. ಇದಕ್ಕೇ ಅಂತ ಇರೋ ಐಇಸಿ 62366 ಅನ್ನೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡಲ್ಲಿರೋ ಪದ "ಯೂಸ್ ಎರರ್". ಬಳಸುವಾಗ ಆದ ತಪ್ಪು, ಬಳಸಿದವಳ ತಪ್ಪು ಅಂತಲ್ಲ. ಆಮೇಲೆ ಪಕ್ಕದಲ್ಲಿ ಬರೆದಿದ್ರು, ಆ ಅಲಾರಮ್ ಯಾಕೆ ಕೂಗ್ತಿತ್ತು? ನನಗೆ ಗೊತ್ತಿರಲಿಲ್ಲ. ಮೂರು ವರ್ಷ ಆ ಮೆಷೀನ್ ಬಿಚ್ಚಿ ಮುಚ್ಚಿದೋನಿಗೆ ಗೊತ್ತಿಲ್ಲ! ಆವತ್ತು ಬಸ್ ಹತ್ತದೆ ಮಳೇಲೇ ನಡ್ಕೊಂಡು ರೂಮಿಗೆ ಬಂದೆ.

ಈ ಕೋರ್ಸಲ್ಲಿ ಏನಿರುತ್ತೆ ಅಂತ ಜೂನಿಯರ್ಸ್ ಕೇಳ್ತಿರ್ತಾರೆ. ಅರ್ಧಕ್ಕರ್ಧ ಬರೆಯೋದೇ. ಈ ಡಿವೈಸು ಯಾರಿಗೆ, ಯಾವ ಕಾಯಿಲೆಗೆ, ಯಾರ ಕೈಲಿ ಅಂತ ಒಂದು ವಾಕ್ಯ ಬರೀಬೇಕು, ಅದರ ಮೇಲೆ ಅದು ಅಪಾಯದ ಲೆಕ್ಕದಲ್ಲಿ ಯಾವ ಕ್ಲಾಸು, ಎಷ್ಟು ಟೆಸ್ಟಿಂಗು, ಪೇಷಂಟ್ಸ್ ಮೇಲೆ ಟ್ರಯಲ್ ಬೇಕಾ ಎಲ್ಲ ನಿಂತಿರುತ್ತೆ. ನಮ್ಮ ದೇಶದಲ್ಲಿ 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಪ್ರಕಾರ ಎ, ಬಿ, ಸಿ, ಡಿ ಅಂತ ನಾಲ್ಕು ಕ್ಲಾಸು, ಅಪಾಯ ಜಾಸ್ತಿ ಇರೋ ಸಿ, ಡಿ ಎರಡನ್ನ ತಯಾರಿಸೋಕೆ ಲೈಸೆನ್ಸು ದೆಹಲಿಯಿಂದ. ಯುರೋಪಲ್ಲಿ 2021ರ ಮೇ ತಿಂಗಳಿಂದ ಹೊಸ ಕಾನೂನು, ಅದು ಇಷ್ಟು ಬಿಗಿಯಾಗೋಕೆ ದೊಡ್ಡ ಕಾರಣ ಫ್ರಾನ್ಸಿನ ಪಿಐಪಿ ಕಂಪನಿ. ಸ್ತನದ ಇಂಪ್ಲಾಂಟಿಗೆ ಮೆಡಿಕಲ್ ಗ್ರೇಡ್ ಸಿಲಿಕೋನ್ ಅಂತ ಪೇಪರ್ ತೋರಿಸಿ ಒಳಗೆ ಇಂಡಸ್ಟ್ರಿಯಲ್ ಸಿಲಿಕೋನ್ ತುಂಬ್ತಿದ್ರು, ಇನ್‌ಸ್ಪೆಕ್ಷನ್‌ಗೆ ಬರೋರು ಮೊದಲೇ ಹೇಳಿ ಬರ್ತಿದ್ರು, 2010ರಲ್ಲಿ ಸಿಕ್ಕಿಬಿದ್ರು. ಬೀಗರು ಹೇಳಿ ಬಂದ್ರೆ ನಾವು ಮನೆ ಗುಡಿಸಲ್ವಾ, ಹಂಗೆ.

ನನ್ನ ಪ್ರೆಸೆಂಟೇಷನ್ನಿಗೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಹಾರ್ಟ್ ವಾಲ್ವ್ ತಗೊಂಡೆ. ಮುಂದೆ ಮಣಿಪಾಲದಲ್ಲಿ ಕುಲಪತಿಯಾದ ಡಾ. ಎಂ.ಎಸ್. ವಲಿಯಥಾನ್ ಅವರ ಟೀಮು ಮಾಡಿದ್ದು. ಮೊದಲ ಮೂರು ಮಾಡೆಲ್ಲೂ ಕೈಕೊಟ್ವು, ಒಂದರಲ್ಲಂತೂ ರಕ್ತದ ದಾರಿ ತೆಗೆದು ಮುಚ್ಚೋ ಬಿಲ್ಲೆ ನೀಲಮಣಿದು, ಅಂದ್ರೆ ಸಫೈರ್‌ದು, ಇತ್ತು! ನಾಲ್ಕನೇದಕ್ಕೆ ಒಂದು ಜಾತಿಯ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಹಾಕಿದ್ರು, ಕುರಿಗಳಿಗೆ ಹಾಕಿ ನೋಡಿದ್ರು, 1990ರ ಡಿಸೆಂಬರಲ್ಲಿ ಮೊದಲ ಮನುಷ್ಯನಿಗೆ ಹಾಕಿದ್ರು. ಈಗ ಇಂಥ ವಾಲ್ವನ್ನ ಮೆಷೀನಲ್ಲಿ 40 ಕೋಟಿ ಸಲ ತೆಗೆದು ಮುಚ್ಚಿ ಟೆಸ್ಟ್ ಮಾಡ್ಬೇಕು, ಹೃದಯ ಹೆಚ್ಚುಕಮ್ಮಿ ಹತ್ತು ವರ್ಷ ಬಡಿಯೋವಷ್ಟು.

ಕೋರ್ಸಲ್ಲಿ ಬರೋ ಅಡ್ವಾನ್ಸ್ಡ್ ಥೆರಪಿ, ಅಂದ್ರೆ ಜೀವಕೋಶ, ಜೀನ್‌ಗಳನ್ನೇ ಔಷಧಿ ಮಾಡೋದು, ಬೇರೆನೇ ಲೋಕ. ಕಾರ್-ಟಿ ಅಂತ ಇದೆ, ಪೇಷಂಟ್ ರಕ್ತದಿಂದ ರೋಗದ ಜೊತೆ ಹೋರಾಡೋ ಟಿ ಕಣಗಳನ್ನ ತೆಗೆದು, ಕ್ಯಾನ್ಸರ್ ಗುರುತಿಸೋ ಜೀನ್ ಸೇರಿಸಿ, ಬೆಳೆಸಿ, ಫ್ರೀಜ್ ಮಾಡಿ ಅದೇ ಪೇಷಂಟಿಗೆ ವಾಪಸ್ ಕೊಡೋದು. ನಮ್ಮಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರು ಮಾಡಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಲ್ಲಿ ಅನುಮತಿ ಸಿಕ್ತು, ಬೆಂಗಳೂರಿನ ಇಮ್ಯುನೀಲ್ ಕಂಪನಿಯವರದ್ದು 2025ರ ಜನವರೀಲಿ ಬಂತು. ಕಾರ್-ಟಿಯಲ್ಲಿ ಒಬ್ಬ ಪೇಷಂಟಿಗೆ ಒಂದು ಬ್ಯಾಚು, ಅದಲುಬದಲಾದ್ರೆ ಕಥೆ ಮುಗೀತು. ಗುರುತು ತಪ್ಪದ ಹಾಗೆ ಲೇಬಲ್ ಹೇಗಿರ್ಬೇಕು ಅಂತ ಗ್ರೂಪ್ ವರ್ಕ್ ಕೊಟ್ರು, ಐರಿಶ್ ಹುಡುಗಿ ಹೆಸರು ಮತ್ತೆ ಹುಟ್ಟಿದ ದಿನ ಸಾಕು ಅಂದ್ಲು. ನಾನಂದೆ, ತಾಯಿ, ನಮ್ಮ ವಾರ್ಡಲ್ಲಿ ಒಂದೇ ದಿನ ಮೂರು ಜನ ಮಂಜುನಾಥ ಇದ್ರು, ಅದರಲ್ಲಿ ಇಬ್ಬರದ್ದು ಹುಟ್ಟಿದ ದಿನ ಜೂನ್ 1, ಯಾಕಂದ್ರೆ ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರ್ಕೊಂಡಿದ್ದು ಅದು. ಯಾರೂ ನಂಬಲಿಲ್ಲ. ಆಮೇಲೆ ನನ್ನ ಪಾಸ್‌ಪೋರ್ಟ್ ತೋರಿಸಿದೆ, ನಂದೂ ಜೂನ್ 1.

ಫೀಸು ಜಾಸ್ತೀನೇ, ಲೋನ್ ಇದೆ, ಓದು ಮುಗಿದ ಮೇಲೆ ಎರಡು ವರ್ಷ ಇಲ್ಲೇ ಕೆಲಸ ಹುಡುಕೋಕೆ ವೀಸಾ ಕೊಡ್ತಾರೆ. ಬರೀ ಸರ್ಕ್ಯೂಟ್ ಇಷ್ಟ ಅನ್ನೋರು ಬರ್ಬೇಡಿ, ಬೋರ್ ಹೊಡೆಯುತ್ತೆ.

ಕಳೆದ ತಿಂಗಳು ಥೀಸಿಸ್‌ಗೆ ಆ ಪಂಪ್ ಅಲಾರಮ್ಮನ್ನೇ ತಗೊಂಡು ಸಿಸ್ಟರ್‌ಗೆ ಫೋನ್ ಮಾಡಿದೆ. ಸಿಸ್ಟರ್, ಅದು ರಾತ್ರಿ ಯಾಕೆ ಕೂಗ್ತಿತ್ತು? "ಬ್ಯಾಟರಿ ಖಾಲಿ ಅಂತ ಕೂಗೋದು ಕಣಪ್ಪಾ. ಆ ಮೂಲೇಲಿ ಇರೋದು ಒಂದೇ ಪ್ಲಗ್ ಪಾಯಿಂಟು, ಪೇಷಂಟ್ ಕಡೆಯೋರು ಪಂಪಿಂದು ಕಿತ್ತು ಮೊಬೈಲ್ ಚಾರ್ಜಿಗೆ ಹಾಕ್ಕೊಳೋರು. ನಾನು ಮತ್ತೆ ಹಾಕೋದು, ಅವ್ರು ಮತ್ತೆ ಕೀಳೋದು. ಊರಿಂದ ಬಂದಿರ್ತಾರೆ, ಮನೆಗೆ ಫೋನ್ ಮಾಡ್ಬೇಕು, ಏನಂತ ಬೈಯ್ಯೋದು?" ಇದನ್ನ ನಂಗ್ಯಾಕೆ ಹೇಳಲಿಲ್ಲ ಸಿಸ್ಟರ್ ಅಂದೆ. "ನೀನೆಲ್ಲಿ ಕೇಳ್ದೆ, ಪ್ಲಾಸ್ಟರ್ ಕಿತ್ಕೊಂಡು ಹೋಗ್ತಿದ್ದೆ."

ಥೀಸಿಸ್‌ನ ರಿಸ್ಕ್ ಟೇಬಲ್ಲಲ್ಲಿ, ಅಂದ್ರೆ ಏನೇನು ಎಡವಟ್ಟಾಗಬಹುದು ಅನ್ನೋ ಪಟ್ಟೀಲಿ, ಹೊಸ ಸಾಲು ಸೇರಿಸಿದೀನಿ: ಪೇಷಂಟ್ ಕಡೆಯವರು ಮೊಬೈಲ್ ಚಾರ್ಜ್ ಮಾಡೋಕೆ ಪಂಪಿನ ಪ್ಲಗ್ ಕೀಳೋದು. ಮೇಡಮ್ಮು ಅದರ ಮುಂದೆ ಎಷ್ಟು ಸಲ ಆಗಬಹುದು ಅಂತ ಕೇಳಿದಾರೆ, ದಿನಾ ಅಂತ ಬರೆದು ಕಳಿಸಿದೀನಿ.