ಬೆಳಿಗ್ಗೆಯ ಆ 15 ನಿಮಿಷ

ಸುಮಾರು ಎರಡು ವಾರ ನಮ್ ಟೀಮಿಗೆ ಒಂದೇ ತಲೆನೋವು. ರಾತ್ರಿ ಟ್ರಾಫಿಕ್ ಇರಲ್ಲ, ಬೆಳಿಗ್ಗೆ ಜನ ಲಾಗಿನ್ ಆಗೋಕೆ ಶುರು ಮಾಡ್ತಿದ್ದ ಹಾಗೆ ನಮ್ ಸರ್ವೀಸಿಂದ ಇನ್ನೊಂದು ಟೀಮಿನ ಸರ್ವೀಸಿಗೆ ಹೋಗೋ ಜಿಆರ್‌ಪಿಸಿ (ಒಂದು ಪ್ರೋಗ್ರಾಮ್ ಇನ್ನೊಂದು ಮಷಿನ್ನಿನ ಫಂಕ್ಷನ್ ಕರೆಯೋ ವ್ಯವಸ್ಥೆ) ಕಾಲ್ ಎಲ್ಲಾ ಫೇಲ್, ಕಾಲು ಗಂಟೆ ಹೀಗೇ ಒದ್ದಾಡಿ ಆಮೇಲೆ ಯಾರೂ ಏನೂ ಮುಟ್ಟದೇನೇ ಸರಿಹೋಗೋದು. ಮಧ್ಯದಲ್ಲಿ ರೀಸ್ಟಾರ್ಟ್ ಮಾಡಿದ್ರೆ ಆ ಕ್ಷಣಕ್ಕೇ ಸರಿ. ಹಾಗಾಗಿ ದಿನಾ ಬೆಳಿಗ್ಗೆ ಒಬ್ರು ರೀಸ್ಟಾರ್ಟ್ ಮಾಡೋದೇ ಡ್ಯೂಟಿ ಆಗೋಯ್ತು.

ಲಾಗ್ ನೋಡಿದ್ರೆ "ರಿಮೋಟ್ ಸರ್ವೀಸ್ ಫೇಲ್ಡ್" ಅಂತ ಒಂದೇ ಸಾಲು. ಯಾಕಂದ್ರೆ ಈ ಕಾಲ್‌ಗಳ ಸುತ್ತ ನಾವೇ ಬರೆದಿದ್ದ ಹೊದಿಕೆ ಕೋಡ್, ಅಂದ್ರೆ ರ‍್ಯಾಪರ್, ಬಂದ ಎಕ್ಸೆಪ್ಷನ್ (ಪ್ರೋಗ್ರಾಮ್ ಎಸೆಯೋ ದೋಷದ ಸೂಚನೆ) ಎಲ್ಲಾನೂ ಹಿಡಿದು ಒಳಗಿನ ಕಾರಣ ಬಿಸಾಕಿ ತನ್ನದೇ ಒಂದು ಹೊಸ ಎಕ್ಸೆಪ್ಷನ್ ಎಸೀತಿತ್ತು. ಆ ಒಂದು ಸಾಲು ಇಟ್ಕೊಂಡು ನಾವು ಎರಡು ವಾರ ಆ ಟೀಮಿನವರನ್ನ ಬೈದ್ವಿ, ಅವರು ಪಾಪ ತಮ್ ಲಾಗಲ್ಲಿ ಏನೂ ಇಲ್ಲ ಅಂತ ಹೇಳ್ತಾನೇ ಇದ್ರು, ನಾವು ನಂಬಲಿಲ್ಲ. ಇದು ನನಗೆ ಇವತ್ತಿಗೂ ಬೇಜಾರು.

ಮೊದಲು ರ‍್ಯಾಪರ್ ಸರಿ ಮಾಡಿದೆ. ಸ್ಟೇಟಸ್ ಕೋಡ್ (ಕಾಲ್ ಏನಾಯ್ತು ಅಂತ ಹೇಳೋ ನಂಬರ್), ಒಳಗಿನ ಎಕ್ಸೆಪ್ಷನ್, ಯಾವ ಅಡ್ರೆಸ್ಸಿಗೆ ಹೋಯ್ತು, ಎಷ್ಟು ಹೊತ್ತು ತಗೊಂಡ್ತು, ಇಷ್ಟೂ ಲಾಗಿಗೆ ಹಾಕಿಸಿದೆ. ಮಾರನೇ ದಿನ ಬೆಳಿಗ್ಗೆ ಸಾಲು ಸಾಲಾಗಿ ಕೋಡ್ 4, ಅಂದ್ರೆ ಡೆಡ್‌ಲೈನ್ ಎಕ್ಸೀಡೆಡ್, ಪ್ರತಿಯೊಂದೂ ಸರಿಯಾಗಿ ಉತ್ತರಕ್ಕೆ ಕಾಯೋಕೆ ನಾವಿಟ್ಟಿದ್ದ 5 ಸೆಕೆಂಡಿನ ಗಡುವಿಗೆ. ಕೊನೆಗೆ ಕೋಡ್ 14, ಅನ್‌ಅವೈಲಬಲ್, ಅಂದ್ರೆ ಸರ್ವೀಸ್ ಸಿಗ್ತಿಲ್ಲ, ಅದರೊಳಗೆ ಕನೆಕ್ಷನ್ ಟೈಮ್ಡ್ ಔಟ್. ಅಲ್ಲಿಂದ ಎಲ್ಲಾ ಸಲೀಸು.

ಇಲ್ಲಿ ಪದಗಳನ್ನ ಗಮನ ಇಟ್ಟು ಓದ್ಬೇಕು. ಕನೆಕ್ಷನ್ ರೆಫ್ಯೂಸ್ಡ್ ಅಂತ ಥಟ್ ಅಂತ ಬಂದ್ರೆ ಸಾಮಾನ್ಯವಾಗಿ ಆ ಕಡೆ ಮಷಿನ್ ಇದೆ, ಆದ್ರೆ ಆ ಪೋರ್ಟಲ್ಲಿ ಯಾರೂ ಕೇಳ್ತಿಲ್ಲ, ಅಥವಾ ಸರ್ವರ್ 127.0.0.1ರಲ್ಲಿ ಮಾತ್ರ, ಅಂದ್ರೆ ತನ್ನದೇ ಮಷಿನ್ನೊಳಗಿಂದ ಬರೋದನ್ನ ಮಾತ್ರ, ಕೇಳ್ತಿದೆ. ಟೈಮ್ಡ್ ಔಟ್ ಅಂದ್ರೆ ಹೌದೂ ಇಲ್ಲ ಇಲ್ಲವೂ ಇಲ್ಲ, ಹೆಚ್ಚಾಗಿ ನಾವು ಕಳಿಸಿದ ಡೇಟಾ ತುಣುಕು, ಅಂದ್ರೆ ಪ್ಯಾಕೆಟ್ಟೇ ಎಲ್ಲೋ ಮಾಯ ಆಗ್ತಿದೆ. ಕೋಡ್ 12 ಅನ್‌ಇಂಪ್ಲಿಮೆಂಟೆಡ್ ಬಂದ್ರೆ ಸಾಮಾನ್ಯವಾಗಿ ಕಾಲ್ ತಲುಪಿದೆ, ಆ ಹೆಸರಿನ ಮೆಥಡ್ ಅಲ್ಲಿಲ್ಲ, ಎರಡೂ ಕಡೆ ಪ್ರೋಟೋ ಫೈಲ್ (ಮೆಥಡ್‌ಗಳ ಹೆಸರು, ರೂಪ ಬರೆದಿಡೋ ಫೈಲ್) ಒಂದೇನಾ ನೋಡಿ. ಕೋಡ್ 2 ಅನ್‌ನೋನ್ ಬಂದ್ರೆ ಹೆಚ್ಚಾಗಿ ಅಲ್ಲಿನ ಕೋಡೇ ಎಕ್ಸೆಪ್ಷನ್ ಎಸೆದಿದೆ, ಜಾವಾದಲ್ಲಂತೂ ಅದರ ವಿವರ ನಮ್ ಕಡೆ ದಾಟಿ ಬರಲ್ಲ, ಅವರ ಲಾಗೇ ಗತಿ.

ನಮ್ಮದು ಮಾಯ ಆಗೋ ಕೇಸು. ಎರಡೂ ಕಡೆ ಒಟ್ಟಿಗೆ ಟಿಸಿಪಿಡಂಪ್ (ಹೋಗಿ ಬರೋ ಪ್ಯಾಕೆಟ್ ತೋರಿಸೋ ಟೂಲ್) ಹಾಕಿದ್ವಿ. ನಮ್ ಕಡೆಯಿಂದ ಒಂದೇ ಪ್ಯಾಕೆಟ್ ಮತ್ತೆ ಮತ್ತೆ ಹೋಗ್ತಿದೆ, ಪ್ರತಿ ಸಲ ಅಂತರ ಹೆಚ್ಚಾಗ್ತಾ. ಆ ಕಡೆ ಒಂದೂ ಬಂದಿಲ್ಲ. ಮಧ್ಯದ ಫೈರ್‌ವಾಲ್ (ನೆಟ್‌ವರ್ಕಿನ ಕಾವಲುಗಾರ), ರಾತ್ರಿಯೆಲ್ಲಾ ಸುಮ್ನೆ ಕೂತಿದ್ದ ಕನೆಕ್ಷನ್ನನ್ನ ತನ್ನ ಪಟ್ಟಿಯಿಂದ ತೆಗೆದುಹಾಕಿತ್ತು, ಎರಡೂ ಕಡೆಗೆ ತಿಳಿಸದೆ. ನಮ್ ಮಷಿನ್ನಲ್ಲಿ ಮಾತ್ರ ಅದಿನ್ನೂ ಎಸ್ಟಾಬ್ಲಿಷ್ಡ್, ಅಂದ್ರೆ ಬದುಕಿದೆ, ಅಂತಾನೇ ತೋರಿಸ್ತಿತ್ತು. ಎಚ್‌ಟಿಟಿಪಿ 2 (ಜಿಆರ್‌ಪಿಸಿ ಓಡೋ ಪ್ರೋಟೋಕಾಲ್) ಆದ್ದರಿಂದ ಎಲ್ಲಾ ಕಾಲ್‌ಗಳೂ ಅದೇ ಒಂದು ಕನೆಕ್ಷನ್ ಮೇಲೆ, ಅದು ಸತ್ರೆ ಎಲ್ಲಾ ಸತ್ತ ಹಾಗೆ. ಉತ್ತರ ಬರದ ಪ್ಯಾಕೆಟ್ಟನ್ನ ಲಿನಕ್ಸ್ ಡೀಫಾಲ್ಟ್ ಆಗಿ 15 ಸಲ ಮತ್ತೆ ಕಳಿಸಿ ನೋಡತ್ತೆ, ಕೈಬಿಡೋಕೆ ಕನಿಷ್ಠ 924 ಸೆಕೆಂಡ್ ಆಗತ್ತೆ. ನಮ್ಮ ಕಾಲು ಗಂಟೆ ಎಲ್ಲಿಂದ ಬಂತು ಅಂತ ಆವತ್ತು ಗೊತ್ತಾಯ್ತು, ಆ ಲೆಕ್ಕ ಕೂಡಿದಾಗ ಆದ ಸಮಾಧಾನ ಹೇಳೋಕಾಗಲ್ಲ.

ಕನೆಕ್ಷನ್ ನಡೆಸೋ ಟಿಸಿಪಿಯ ಸ್ವಂತ ಕೀಪ್‌ಅಲೈವ್ (ಸುಮ್ನಿರೋ ಕನೆಕ್ಷನ್ ಬದುಕಿದೆಯಾ ಅಂತ ಆಗಾಗ ಕೇಳೋದು) ಕೆಲಸಕ್ಕೆ ಬರಲಿಲ್ಲ, ಸಾಕೆಟ್ (ಕನೆಕ್ಷನ್ನಿನ ನಮ್ ತುದಿ) ಕೇಳಿದ್ರೆ ಮಾತ್ರ ಅದು ಇರತ್ತೆ, ಇದ್ರೂ ಡೀಫಾಲ್ಟಲ್ಲಿ ಮೊದಲ ಸಲ ಕೇಳೋದು 7200 ಸೆಕೆಂಡ್ ಸುಮ್ನಿದ್ದ ಮೇಲೆ. ಅದಕ್ಕೇ ಜಿಆರ್‌ಪಿಸಿ ಕೀಪ್‌ಅಲೈವ್ ಹಾಕಿ 30 ಸೆಕೆಂಡ್ ಕೊಟ್ಟೆ. ಸರ್ವರ್ ತಿರುಗಿ ಟೂ ಮೆನಿ ಪಿಂಗ್ಸ್ (ಬದುಕಿದೆಯಾ ಅಂತ ಕೇಳೋ ಪಿಂಗ್ ಜಾಸ್ತಿ ಆಯ್ತು) ಅಂತ ಗೋಅವೇ, ಅಂದ್ರೆ ಕನೆಕ್ಷನ್ ಮುಚ್ತೀನಿ ಅನ್ನೋ ಸಂದೇಶ, ಕಳಿಸ್ತು. ಡೀಫಾಲ್ಟಲ್ಲಿ ಅದು 5 ನಿಮಿಷಕ್ಕಿಂತ ಬೇಗ ಬರೋ ಪಿಂಗ್ ಸಹಿಸಲ್ಲ. ಇನ್ನೊಂದು, ಕಾಲ್ ನಡೀದೇ ಇರೋವಾಗ ಪಿಂಗ್ ಮಾಡೋಕೆ ಎರಡೂ ಕಡೆ ಬೇರೆ ಸೆಟ್ಟಿಂಗಲ್ಲಿ ಒಪ್ಪಿಗೆ ಕೊಡ್ಬೇಕು, ನಮಗೆ ಬೇಕಿದ್ದದ್ದೇ ಆ ಹೊತ್ತಲ್ಲಿ. ಬೈಸಿಕೊಂಡಿದ್ದ ಅದೇ ಟೀಮಿನವರು ಕೂತು ಸರ್ವರ್ ಕಡೆ ಬದಲಾಯಿಸಿಕೊಟ್ರು, ಫೈರ್‌ವಾಲಿನ ಐಡಲ್ ಟೈಮಿಗಿಂತ (ಸುಮ್ನಿರೋ ಕನೆಕ್ಷನ್ನನ್ನ ಅದು ಇಟ್ಕೊಳ್ಳೋ ಹೊತ್ತು) ಪಿಂಗ್ ಅಂತರ ಕಡಿಮೆ ಇಟ್ವಿ, ಬೆಳಗಿನ ರೀಸ್ಟಾರ್ಟ್ ನಿಂತೋಯ್ತು.

ಆದ್ರೆ ಆ ಗಡಿಬಿಡೀಲಿ ಯಾರೋ ಕೋಡ್ 4 ಬಂದ್ರೆ ಮೂರು ಸಲ ರಿಟ್ರೈ ಅಂತ ಹಾಕಿದ್ರು. ಡೆಡ್‌ಲೈನ್ ದಾಟ್ತು ಅಂದ್ರೆ ನಾವು ಕಾಯೋದು ನಿಲ್ಲಿಸಿದ್ವಿ ಅಂತಷ್ಟೇ, ಅಲ್ಲಿ ಕೆಲಸ ಆಗಿಲ್ಲ ಅಂತಲ್ಲ. ಒಂದಿನ ಅವರ ಡೇಟಾಬೇಸ್ ನಿಧಾನ ಆಗಿ ಒಂದೇ ರಿಕ್ವೆಸ್ಟ್ ಎರಡೆರಡು ಸಲ ಸೇವ್ ಆಯ್ತು. ಈಗ ಪ್ರತಿ ಕಾಲ್ ಜೊತೆ ಒಂದು ರಿಕ್ವೆಸ್ಟ್ ಐಡಿ ಕಳಿಸ್ತೀವಿ, ಅದೇ ಐಡಿ ಮತ್ತೆ ಬಂದ್ರೆ ಸರ್ವರ್ ಹಳೇ ಉತ್ತರಾನೇ ಕೊಡತ್ತೆ. ಆವತ್ತು ಡಬಲ್ ಆದ ರೆಕಾರ್ಡ್‌ಗಳನ್ನ ಮಾತ್ರ ಒಂದೊಂದಾಗಿ ಕೈಯಲ್ಲೇ ಹುಡುಕಿ ತೆಗೆದ್ವಿ.