ಸವೆದ ಫ್ರೆಟ್ ಕಿತ್ತು ಹೊಸದು ಕೂರಿಸಿದ್ದು: ಕೆಲಸ ಇಲ್ಲಿಯವರೆಗೆ ಬಂತು

ನನ್ನ ಗಿಟಾರಿನ ಹಳೆ ಫ್ರೆಟ್ (ಬೆರಳು ಒತ್ತುವ ಹಲಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಇಪ್ಪತ್ತೆರಡೂ ಹೊರಗೆ ಬಂದಿವೆ. ಹೊಸವು ಕೂತಿವೆ. ತಂತಿ ಹಾಕಿ ನುಡಿಸಿದ್ದೂ ಆಯಿತು. ಇನ್ನೊಂದು ಕೆಲಸ ಮಾತ್ರ ಬಾಕಿ. ತುಮಕೂರಿನಲ್ಲಿ ನನಗೆ ಗೊತ್ತಿರುವ ಗಿಟಾರ್ ನುಡಿಸುವವರೆಲ್ಲ ಇಂಥದ್ದಕ್ಕೆ ಬೆಂಗಳೂರಿಗೇ ಹೋಗುತ್ತಾರೆ. ಮನೆಯಲ್ಲೂ ಮಾಡಬಹುದು. ಆದರೆ ಹೊತ್ತು ಎಲ್ಲಿ ಹಿಡಿಯುತ್ತದೆ ಅಂತ ಮೊದಲೇ ತಿಳಿದಿದ್ದರೆ ಒಳ್ಳೆಯದು. ಸುತ್ತಿಗೆ ಹಿಡಿದಿದ್ದು ಸ್ವಲ್ಪ ಹೊತ್ತು ಅಷ್ಟೇ. ಜಾಸ್ತಿ ಹೊತ್ತು ಹೋಗಿದ್ದು ಫ್ರೆಟ್ ಇಲ್ಲದ ಬರೀ ಮರದ ಮೇಲೆ.

ನನ್ನ ಎಲೆಕ್ಟ್ರಿಕ್ ಗಿಟಾರಿನ ಸ್ಕೇಲ್ (ತಂತಿಯ ನುಡಿಯುವ ಉದ್ದ) 25.5 ಇಂಚು, ಅಂದರೆ ಸುಮಾರು 648 ಮಿ.ಮೀ. ಮೊದಲ ಮೂರು ಫ್ರೆಟ್‌ಗಳಲ್ಲಿ ತೆಳು ತಂತಿಗಳ ಕೆಳಗೆ ಗುಳಿ ಬಿದ್ದಿತ್ತು. ತಂತಿ ಎಳೆದು ಬೆಂಡ್ ಮಾಡುವ 12ನೇ ಫ್ರೆಟ್‌ನ ಆಸುಪಾಸು ಇನ್ನೂ ಚಪ್ಪಟೆ. ಸ್ವರ ಹುಟ್ಟಿದ ತಕ್ಷಣ ಜರ್ ಅಂತ ಸಾಯುತ್ತಿತ್ತು. ಗುಳಿ ಸಣ್ಣದಿದ್ದರೆ ಎಲ್ಲ ಫ್ರೆಟ್‌ಗಳನ್ನೂ ಅರದಿಂದ ಉಜ್ಜಿ ಒಂದೇ ಮಟ್ಟಕ್ಕೆ ತರಬಹುದು. ಗುಳಿ ಆಳವಾದರೆ ಆ ದಾರಿ ಮುಚ್ಚಿದ ಹಾಗೆ. ಅತಿ ತಗ್ಗಾದ ಜಾಗದ ಮಟ್ಟಕ್ಕೆ ಎಲ್ಲವನ್ನೂ ಇಳಿಸಿದರೆ ಬೆರಳಿಗೆ ಫ್ರೆಟ್ಟೇ ಸಿಗುವುದಿಲ್ಲ.

ಹೊಸ ಫ್ರೆಟ್‌ಗಳ ತಂತಿಗೆ ಆರಿಸಿದ್ದು ನಿಕಲ್ ಸಿಲ್ವರ್. ತಾಮ್ರ, ನಿಕಲ್, ಸತು ಸೇರಿದ ಲೋಹ ಇದು. 2.3 ಮಿ.ಮೀ. ಅಗಲ, 1.4 ಮಿ.ಮೀ. ಎತ್ತರ. ಸ್ಟೇನ್‌ಲೆಸ್ ಸ್ಟೀಲ್ ಇದಕ್ಕಿಂತ ಬಹಳ ಕಾಲ ಬಾಳುತ್ತದೆ, ಆದರೆ ಅರವನ್ನೂ ಕಟ್ಟರನ್ನೂ ತಿಂದುಹಾಕುತ್ತದೆ. ಮನೆಯಲ್ಲಿ ಮಾಡುವವರಿಗೆ ನಿಕಲ್ ಸಿಲ್ವರೇ ಸರಿ ಅಂತ ನನ್ನ ಅಭಿಪ್ರಾಯ.

ವೀಣೆ ನುಡಿಸುವ ನಮ್ಮ ದೊಡ್ಡಮ್ಮ ಪಕ್ಕದಲ್ಲೇ ಕೂತು ನೋಡುತ್ತಿದ್ದರು. "ಮೇಣ ಬಿಸಿ ಮಾಡಿ ಮೆಟ್ಟಿಲು ಸರಿಸೋ ಹಾಗಿಲ್ವೇನೋ ಇದ್ರಲ್ಲಿ?" ಅಂದರು. ಇಲ್ಲ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ನಿಂತಿರುತ್ತವೆ, ಕಿವಿಗೆ ಸರಿ ಬರುವ ತನಕ ಅತ್ತಿತ್ತ ಸರಿಸಬಹುದು. ಗಿಟಾರಿನಲ್ಲಿ ಲೆಕ್ಕ ಹಾಕಿ ಕೊರೆದ ಸೀಳೇ ಕೊನೆ. ನನ್ನದರಲ್ಲಿ ನಟ್‌ನಿಂದ (ಗಿಟಾರಿನ ತಲೆಯ ಕಡೆ ತಂತಿಗಳು ಕೂರುವ ಸಣ್ಣ ಪಟ್ಟಿ) ಮೊದಲ ಫ್ರೆಟ್‌ಗೆ 36.4 ಮಿ.ಮೀ., 12ನೆಯದಕ್ಕೆ ಸ್ಕೇಲಿನ ಸರಿಯಾಗಿ ಅರ್ಧ, 324 ಮಿ.ಮೀ. ಹಾಗಾಗಿ ಆ ಸೀಳುಗಳ ಅಂಚು ಮುರಿಯದ ಹಾಗೆ ಕೀಳುವುದೇ ದೊಡ್ಡ ವಿಷಯ.

ಮೊದಲು ಫ್ರೆಟ್‌ನ ಎರಡೂ ಬದಿಗೆ ಬ್ಲೇಡಿನಿಂದ ಹಗುರವಾಗಿ ಗೆರೆ ಎಳೆದೆ. ಆಮೇಲೆ ಸೋಲ್ಡರಿಂಗ್ ಐರನ್ ತುದಿಯನ್ನು ಫ್ರೆಟ್ ಮೇಲೆ ನಿಧಾನವಾಗಿ ಓಡಿಸಬೇಕು. ಒಳಗಿನ ಹಳೆ ಅಂಟು ಸಡಿಲವಾಗುತ್ತದೆ, ಮರವೂ ಸ್ವಲ್ಪ ಮೆತ್ತಗಾಗುತ್ತದೆ. ಬಾಯಿ ಚಪ್ಪಟೆಯಾಗಿ ಮಸೆದ ಇಕ್ಕಳವನ್ನು ಒಂದು ತುದಿಯಲ್ಲಿ ತೂರಿಸಿ ಸುಮ್ನೆ ಅದುಮುತ್ತಾ ಮುಂದೆ ಹೋಗಬೇಕು. ಮೇಲಕ್ಕೆ ಎಳೆಯಲೇಬಾರದು. ಫ್ರೆಟ್‌ನ ಕಾಲಿಗೆ ಇರುವ ಸಣ್ಣ ಮುಳ್ಳುಗಳು ಬರುವಾಗ ಮರದ ಚಕ್ಕೆ ಎಬ್ಬಿಸುತ್ತವೆ. ಎದ್ದ ಚಕ್ಕೆಯನ್ನು ಅಲ್ಲೇ ಒಂದು ಹನಿ ಫೆವಿಕ್ವಿಕ್‌ನಿಂದ ಕೂರಿಸಿದೆ.

ಗುರುತಿನ ಬಡಗಿಯೊಬ್ಬರಿಗೆ ತೋರಿಸಿದಾಗ ಅವರು ಹಲಗೆ ಮೇಲೆ ಬೆರಳಾಡಿಸಿ, "ಇದು ಬೀಟೆ ಕಣಪ್ಪಾ, ಅವಸರ ಮಾಡ್ಬೇಡ" ಅಂದರು. ನಮ್ಮ ಮಲೆನಾಡಿನಲ್ಲಿ ಬೆಳೆಯುವ ಅದೇ ಬೀಟೆ, ಗಿಟಾರ್ ಲೋಕದಲ್ಲಿ ಇಂಡಿಯನ್ ರೋಸ್‌ವುಡ್. ಅದರ ಪುಡಿ ಮೂಗು, ಚರ್ಮ ಎರಡಕ್ಕೂ ಒಳ್ಳೆಯದಲ್ಲ. ಮಾಸ್ಕ್ ಹಾಕಿಕೊಂಡೇ ಉಜ್ಜಬೇಕು.

ಉಜ್ಜುವ ಮುಂಚೆ ಟ್ರಸ್ ರಾಡ್ (ನೆಕ್, ಅಂದರೆ ಗಿಟಾರಿನ ಕತ್ತಿನ ಒಳಗಿರುವ ಲೋಹದ ಸರಳು) ತಿರುಗಿಸಿ ನೆಕ್ ನೇರ ಮಾಡಿದೆ. ಉದ್ದನೆ ಸ್ಟೀಲ್ ಪಟ್ಟಿ ಇಟ್ಟು ಬೆಳಕಿಗೆ ಹಿಡಿದರೆ ಎಲ್ಲಿ ಸಂದಿದೆ ಅಂತ ಗೊತ್ತಾಗುತ್ತದೆ. ಹಲಗೆಯ ಅಡ್ಡ ಬಾಗು 12 ಇಂಚು ತ್ರಿಜ್ಯದ್ದು, ಅದೇ ಬಾಗಿನ ಬ್ಲಾಕಿಗೆ 120ರ ಸ್ಯಾಂಡ್ ಪೇಪರ್ ಅಂಟಿಸಿದೆ. ಪೆನ್ಸಿಲಿನಿಂದ ಹಲಗೆ ತುಂಬಾ ಗೀಚಿ, ತಂತಿ ಹೋಗುವ ದಿಕ್ಕಿನಲ್ಲೇ ಉಜ್ಜಿದೆ. ಗೀಚು ಎಲ್ಲಿ ಉಳಿಯಿತೋ ಅಲ್ಲಿ ತಗ್ಗು. ನನ್ನದರಲ್ಲಿ ಮೊದಲ ಮೂರು ಫ್ರೆಟ್‌ಗಳ ಜಾಗದಲ್ಲಿ ತಗ್ಗಿತ್ತು, ಕೊನೆಯ ಕಡೆ ಮರ ಉಬ್ಬಿತ್ತು. ಹಳೆ ಫ್ರೆಟ್ ಇದ್ದಾಗ ಮೇಲಿನ ಸ್ವರಗಳು ಯಾಕೆ ಉಸಿರುಗಟ್ಟುತ್ತಿದ್ದವು ಅಂತ ಅರ್ಥವಾಗಿದ್ದು ಇಲ್ಲೇ. ಈ ಉಬ್ಬನ್ನು ಬಿಟ್ಟು ಹೊಸ ಫ್ರೆಟ್ ಬಡಿದಿದ್ದರೆ, ಆಮೇಲೆ ಆ ಫ್ರೆಟ್‌ಗಳ ತಲೆಯನ್ನೇ ಸವೆಸಬೇಕಾಗುತ್ತಿತ್ತು. ಹೊಸ ಲೋಹ ಹಾಕಿ ಮೊದಲ ದಿನವೇ ಅರ್ಧ ಆಯಸ್ಸು ತೆಗೆದಂತೆ ಅಲ್ವಾ? 120 ಆದ ಮೇಲೆ 220, ಆಮೇಲೆ 400.

ಮರ ಇಳಿದಾಗ ಸೀಳಿನ ಆಳವೂ ಇಳಿಯುತ್ತದೆ. ತೆಳು ಗರಗಸದಿಂದ ಅದನ್ನು ಮತ್ತೆ ಆಳ ಮಾಡಬೇಕು. ಅಗಲ ಮಾತ್ರ ಸುಮಾರು 0.6 ಮಿ.ಮೀ. ದಾಟಬಾರದು. ಜಾಸ್ತಿಯಾದರೆ ಫ್ರೆಟ್ ಅಲ್ಲಾಡುತ್ತದೆ. ತೀರಾ ಬಿಗಿಯಾದರೂ ಕಷ್ಟ. ಇಪ್ಪತ್ತೆರಡು ಬೆಣೆ ಹೊಡೆದ ಹಾಗೆ ಆಗಿ ನೆಕ್ಕೇ ಹಿಂದಕ್ಕೆ ಬಾಗುತ್ತದೆ.

ಬಡಿಯುವುದು ಬೇಗ ಮುಗಿಯಿತು. ಫ್ರೆಟ್ ತಂತಿಯನ್ನು ಹಲಗೆಗಿಂತ ತುಸು ಜಾಸ್ತಿ ಬಾಗಿಸಿ, ನೆಕ್ ಕೆಳಗೆ ಮರಳಿನ ಚೀಲ ಇಟ್ಟು, ಮೊದಲು ಎರಡು ತುದಿ, ಆಮೇಲೆ ನಡು. ಸುತ್ತಿಗೆ ಹಿತ್ತಾಳೆಯದು. ಪೂರ್ತಿ ಕೂತಾಗ ಸದ್ದು ಬದಲಾಗುತ್ತದೆ, ಪೊಳ್ಳು ಹೋಗಿ ಗಟ್ಟಿಯಾಗಿ ಟಕ್ ಅನ್ನುತ್ತದೆ. ತುದಿಗಳನ್ನು ಕತ್ತರಿಸಿ, ಓರೆಯಾಗಿ ಅರ ಹಾಕಿದೆ.

ಮೂರು ಮೂರು ಫ್ರೆಟ್ ಮೇಲೆ ಸಣ್ಣ ಪಟ್ಟಿ ಇಟ್ಟು ಅಲ್ಲಾಡಿಸಿ ನೋಡಿದೆ. ಎತ್ತರ ಕಂಡಿದ್ದು ಕೆಲವೇ ಕಡೆ. ಫ್ರೆಟ್‌ಗಳ ನೆತ್ತಿಗೆ ಮಾರ್ಕರ್ ಬಳಿದು, ನೇರ ಅರದಿಂದ ಹಗುರಾಗಿ ಉಜ್ಜಿದ್ದು ಸಾಕಾಯಿತು. ಅರ ತಾಗಿದ ಫ್ರೆಟ್‌ನ ನೆತ್ತಿ ಚಪ್ಪಟೆಯಾಗುತ್ತದೆ. ಅದನ್ನು ಮತ್ತೆ ದುಂಡಗೆ ಮಾಡಲೇಬೇಕು. ಚಪ್ಪಟೆ ಬಿಟ್ಟರೆ ತಂತಿ ನಡುವಿನಲ್ಲಿ ನಿಲ್ಲದೆ ಬ್ರಿಡ್ಜ್ (ಒಡಲಿನ ಮೇಲೆ ತಂತಿಗಳು ಕೂರುವ ಭಾಗ) ಕಡೆಯ ಅಂಚಿಗೆ ತಾಗಿ ಶ್ರುತಿ ತಪ್ಪುತ್ತದೆ. ಕೊನೆಗೆ 2000ದ ಪೇಪರ್ ತನಕ ಪಾಲಿಶ್. ಸ್ಟೀಲ್ ವುಲ್ ಬಳಸುವವರು ತಂತಿಯ ಕಂಪನ ಹಿಡಿಯುವ ಪಿಕಪ್‌ಗಳನ್ನು ಟೇಪಿನಿಂದ ಮುಚ್ಚಿಕೊಳ್ಳಿ, ಅವುಗಳ ಅಯಸ್ಕಾಂತ ಎಲ್ಲ ಪುಡಿಯನ್ನೂ ಎಳೆದುಕೊಳ್ಳುತ್ತದೆ.

ತಂತಿ ಹಾಕಿದ ಮೇಲೆ ಬೆಂಡ್‌ಗಳು 15ನೇ ಫ್ರೆಟ್‌ನಲ್ಲೂ ತಡೆಯಿಲ್ಲದೆ ಹಾಡುತ್ತಿವೆ. ಎಷ್ಟು ಖುಷಿ ಅಂದರೆ, ಊಟಕ್ಕೆ ಕರೆದಿದ್ದೂ ಕೇಳಿಸಲಿಲ್ಲ. ಆದರೆ ಆರನೇ ಮತ್ತು ಐದನೇ ತಂತಿ ಎಲ್ಲೂ ಒತ್ತದೆ ಮೀಟಿದರೆ ಜರ್ ಅನ್ನುತ್ತವೆ. ಹೊಸ ಫ್ರೆಟ್ ಎತ್ತರ, ಹಳೆ ನಟ್ ತಗ್ಗು. 2 ಮತ್ತು 3ನೇ ಫ್ರೆಟ್ ನಡುವೆ ತಂತಿ ಒತ್ತಿದಾಗ ಮೊದಲ ಫ್ರೆಟ್ ಮೇಲೆ ಕೂದಲೆಳೆಯಷ್ಟು ಸಂದಿ ಇರಬೇಕು. ಇಲ್ಲಿ ಎರಡೂ ತಂತಿ ಪೂರ್ತಿ ತಾಗಿಯೇ ಇವೆ. ಮೂಳೆಯ ಹೊಸ ನಟ್ ತರಿಸಿ, ದಪ್ಪ ಮತ್ತು ಉದ್ದ ಹೊಂದಿಸಿಟ್ಟಿದ್ದೇನೆ. ತಂತಿಗಳಿಗೆ ಸೀಳು ಕೊರೆಯುವುದು ಮುಂದಿನ ಭಾನುವಾರ.